ಪದ ಪರಿಚಯ: ಕೃಷಿ ಆದಾಯ

'ರೈತರಿಗೆ ಇನ್‌ಕಮ್ ಟ್ಯಾಕ್ಸ್ ಇಲ್ಲ' ಅನ್ನೋ ಮಾತು ಹಾವೇರಿ ಕಡೆ ಎಲ್ಲರ ಬಾಯಲ್ಲೂ ಇದೆ. ಹುಬ್ಬಳ್ಳಿಯಲ್ಲಿ ಕಾನೂನು ಓದೋಕೆ ಸೇರುವವರೆಗೂ ನಾನೂ ಹಾಗೇ ನಂಬಿದ್ದೆ. ತೆರಿಗೆ ಕಾನೂನಿನ ಪಾಠ ಶುರುವಾದ ಮೇಲೆ ಗೊತ್ತಾಯಿತು: ರೈತ ಅನ್ನೋ ಕಾರಣಕ್ಕೇ ಕಾಯ್ದೆ ಯಾರಿಗೂ ವಿನಾಯಿತಿ ಕೊಡುವುದಿಲ್ಲ. ವಿನಾಯಿತಿ ಕೊಟ್ಟಿರುವುದು ಕೃಷಿ ಆದಾಯಕ್ಕೆ. ಆಳು ಹಚ್ಚಿ ಹೊಲ ಮಾಡಿಸುವ ಧಾರವಾಡದ ವಕೀಲರಿಗೂ ಬೆಳೆಯ ದುಡ್ಡಿಗೆ ವಿನಾಯಿತಿ ಸಿಗುತ್ತದೆ. ದಿನವಿಡೀ ಹೊಲದಲ್ಲಿ ದುಡಿಯುವ ರೈತ ಎಮ್ಮೆ ಸಾಕಿ ಹಾಲು ಮಾರಿದರೆ, ಆ ದುಡ್ಡು ಕೃಷಿ ಆದಾಯ ಅಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ 2(1ಎ) ಕಲಮಿನಲ್ಲಿ ಇದರ ಅರ್ಥ ಇದೆ, 10(1)ರಲ್ಲಿ ವಿನಾಯಿತಿ ಇದೆ. 2025ರ ಹೊಸ ಕಾಯ್ದೆಯಲ್ಲೂ ಮೂಲ ವಿಚಾರ ಇದೇ. ಭೂಮಿ ಭಾರತದಲ್ಲಿರಬೇಕು, ಅಲ್ಲಿ ಸಾಗುವಳಿ ನಡೆಯಬೇಕು. ಸಾಗುವಳಿ ಅಂದ್ರೆ ಏನು ಅನ್ನೋದನ್ನು ಸುಪ್ರೀಂ ಕೋರ್ಟ್ 1957ರಲ್ಲಿ ರಾಜಾ ಬಿನಯ್ ಕುಮಾರ್ ಸಹಸ್ ರಾಯ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಉಳುವುದು, ಬಿತ್ತುವುದು, ನೆಡುವುದು ಮೂಲ ಕೆಲಸ. ಕಳೆ ತೆಗೆಯುವುದು, ಕೊಯ್ಯುವುದು ಆಮೇಲಿನ ಕೆಲಸ. ಮೂಲ ಕೆಲಸವೇ ಇಲ್ಲದೆ, ತಾನಾಗಿ ಬೆಳೆದ ಮರವನ್ನು ಕಡಿದು ಮಾರಿದರೆ ಅದು ಕೃಷಿ ಅನ್ನಿಸಿಕೊಳ್ಳುವುದಿಲ್ಲ. ನನಗಂತೂ ಇಡೀ ವಿಷಯದಲ್ಲಿ ಜಾಸ್ತಿ ಇಷ್ಟವಾದ ತೀರ್ಪು ಇದು. ಬೆವರು ಮಣ್ಣಿಗೇ ಬೀಳಬೇಕು ಅನ್ನುತ್ತದಲ್ವಾ?

ಕಷ್ಟ ಇರುವುದು ಗೆರೆ ಎಲ್ಲಿ ಎಳೆಯಬೇಕು ಅನ್ನೋದರಲ್ಲಿ. ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. ಗಿಡದಿಂದ ಬಿಡಿಸಿದ ಹಣ್ಣುಗಾಯಿಯನ್ನು ಕಣದಲ್ಲಿ ಹರವುತ್ತಾರೆ. ದಿನಾ ಕೈಯಾಡಿಸಿ ಮಗ್ಗುಲು ಬದಲಿಸುತ್ತಾರೆ. ಸಿಪ್ಪೆ ಸುಕ್ಕಾಗಿ, ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಅನ್ನಬೇಕು. ಆಗಲೇ ಅದನ್ನು ಮಾರುಕಟ್ಟೆಗೆ ಒಯ್ಯುವುದು. ಬೆಳೆಯನ್ನು ಪೇಟೆಗೆ ಒಯ್ಯಲು ತಕ್ಕಂತೆ ಮಾಡೋಕೆ ರೈತರು ಸಾಮಾನ್ಯವಾಗಿ ಮಾಡುವ ಕೆಲಸವನ್ನೂ ಕಾಯ್ದೆ ಕೃಷಿಯೊಳಗೇ ಸೇರಿಸಿದೆ. ಹಾಗಾಗಿ ಒಣಮೆಣಸಿನಕಾಯಿ ಮಾರಿ ಬಂದ ಲಾಭ ಪೂರ್ತಿ ಕೃಷಿ ಆದಾಯ.

ಅದೇ ಕಾಯಿಯನ್ನು ಪುಡಿ ಮಾಡಿ ಪ್ಯಾಕೆಟ್‌ನಲ್ಲಿ ಮಾರಿದರೆ? ಕಾಯಿ ಪುಡಿಯಾಗುವ ಮೊದಲೇ ಮಾರಾಟಕ್ಕೆ ಸಿದ್ಧ ಇತ್ತು. ಆದ್ದರಿಂದ ಪುಡಿ ಮಾಡುವುದು ವ್ಯಾಪಾರ. ಆದರೆ ಪೂರ್ತಿ ಲಾಭಕ್ಕೆ ತೆರಿಗೆ ಬೀಳುವುದಿಲ್ಲ. ತಮ್ಮದೇ ಹೊಲದ ಕಾಯಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆಯೋ ಅಷ್ಟನ್ನು ಖರ್ಚು ಅಂತ ಕಳೆಯುತ್ತಾರೆ. ಉಳಿದದ್ದಷ್ಟೇ ವ್ಯಾಪಾರದ ಆದಾಯ. ಇನ್ನು ನಿಂತ ಬೆಳೆಯನ್ನು ಸುಮ್ನೆ ಕೊಂಡು, ಬಿಡಿಸಿ ಮಾರುವ ವ್ಯಾಪಾರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ಅವರು ಬಿತ್ತಿಲ್ಲ, ಬೆಳೆದಿಲ್ಲ.

ಕೇಂದ್ರ ಸರ್ಕಾರ ಇದನ್ನು ಮುಟ್ಟದಿರುವುದಕ್ಕೆ ಕಾರಣ ಸಂವಿಧಾನದಲ್ಲಿದೆ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳದ್ದು.

ಆದರೂ ಲೆಕ್ಕದಿಂದ ಇದು ಪೂರ್ತಿ ಮಾಯವಾಗುವುದಿಲ್ಲ. ಗದಗಿನಲ್ಲಿ ಮೇಷ್ಟ್ರಾಗಿದ್ದು, ಊರಲ್ಲಿ ಹೊಲವನ್ನೂ ಮಾಡಿಸುವವರು ಇದ್ದಾರೆ ಅನ್ನಿ. ಖರ್ಚು ಕಳೆದ ಕೃಷಿ ಆದಾಯ 5,000 ರೂಪಾಯಿ ದಾಟಿ, ಸಂಬಳವೂ ತೆರಿಗೆ ಇಲ್ಲದ ಮಿತಿ ದಾಟಿದರೆ, ಎರಡನ್ನೂ ಕೂಡಿಸಿ ಒಮ್ಮೆ ತೆರಿಗೆ ಲೆಕ್ಕ ಹಾಕುತ್ತಾರೆ. ಆಮೇಲೆ ಕೃಷಿ ಆದಾಯಕ್ಕೆ ಆ ಮಿತಿಯನ್ನು ಕೂಡಿಸಿ, ಅದರ ತೆರಿಗೆಯನ್ನು ಮೊದಲಿನದರಿಂದ ಕಳೆಯುತ್ತಾರೆ. ಬೆಳೆಗೆ ತೆರಿಗೆ ಇಲ್ಲ, ಆದರೆ ಮೇಷ್ಟ್ರ ಸಂಬಳ ಮೇಲಿನ ದರಕ್ಕೆ ಹತ್ತಬಹುದು. ರಿಟರ್ನ್ ತುಂಬುವಾಗ ಹೊಲದ ದುಡ್ಡನ್ನು ಬಿಡದೆ ತೋರಿಸಬೇಕಾದ್ದು ಇದಕ್ಕೇ.