ಲಿಗಮೆಂಟ್ ಹರಿದ ಮಂಡಿಯಲ್ಲಿ ಇನ್ನೇನೇನು ಹಾಳಾಗಿರುತ್ತದೆ?

ರಸ್ತೆ ಅಪಘಾತದಲ್ಲೋ ಆಟದ ಮೈದಾನದಲ್ಲೋ ಮಂಡಿಗೆ ಜೋರಾಗಿ ಪೆಟ್ಟು ಬಿದ್ದವರ ಎಂಆರ್‌ಐ ರಿಪೋರ್ಟ್ ಕೆಲವೊಮ್ಮೆ ಓದುವುದಕ್ಕೇ ಭಯವಾಗುವಂತಿರುತ್ತದೆ. ಮೂಳೆಗೆ ಮೂಳೆಯನ್ನು ಕಟ್ಟಿಡುವ ಲಿಗಮೆಂಟುಗಳಲ್ಲಿ ಎಸಿಎಲ್ ಪೂರ್ತಿ ಹರಿದಿದೆ. ಪಿಸಿಎಲ್ ಕೂಡ ಹೋಗಿದೆ. ಒಳಬದಿಯ ಲಿಗಮೆಂಟ್ ಮೂಳೆಯಿಂದಲೇ ಕಿತ್ತು ಬಂದಿದೆ. ಇಷ್ಟು ಓದುವಷ್ಟರಲ್ಲಿ ಮನೆಯವರ ಕೈಕಾಲು ಆಡುವುದಿಲ್ಲ. ಅದರ ಕೆಳಗೆ ಇನ್ನೂ ಒಂದೆರಡು ಸಾಲು ಇರುತ್ತವೆ. ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್‌ನ ಹಿಂತುದಿಯಲ್ಲಿ ಸೀಳು, ಮೂಳೆತುದಿಯ ನುಣುಪು ಪದರವಾದ ಕಾರ್ಟಿಲೇಜ್‌ಗೆ ಪೆಟ್ಟು ಅಂತ. ಅವನ್ನು ಯಾರೂ ಎರಡನೇ ಸಲ ಓದುವುದಿಲ್ಲ.

ನನ್ನನ್ನು ಕೇಳಿದರೆ ಗಮನವಿಟ್ಟು ಓದಬೇಕಾದ್ದೇ ಆ ಸಾಲುಗಳನ್ನು. ಹರಿದ ಲಿಗಮೆಂಟಿನ ಜಾಗಕ್ಕೆ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತೆಗೆದು ಕೂರಿಸಬಹುದು. ಕಾರ್ಟಿಲೇಜ್ ಹೋದರೆ ಅಷ್ಟು ಸಲೀಸಾದ ಬದಲಿ ಇಲ್ಲ. ಮಂಡಿ ಗಟ್ಟಿಯಾಗಿ ನಿಲ್ಲಬೇಕಾದರೆ ಲಿಗಮೆಂಟ್ ಬೇಕು, ನಿಜ. ಆದರೆ ಹತ್ತಿಪ್ಪತ್ತು ವರ್ಷ ಬಿಟ್ಟು ಆ ಮಂಡಿ ನೋಯುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಉಳಿದೆರಡರ, ಅಂದರೆ ಮೆನಿಸ್ಕಸ್ ಮತ್ತು ಕಾರ್ಟಿಲೇಜ್‌ನ, ಕೈಯಲ್ಲಿದೆ.

ಮಂಡಿಯನ್ನು ಹಿಡಿದಿಡುವ ಮುಖ್ಯ ಲಿಗಮೆಂಟುಗಳು ನಾಲ್ಕು. ಕೀಲಿನ ನಡುವೆ ಒಂದನ್ನೊಂದು ಅಡ್ಡ ಹಾಯ್ದು ಹೋಗುವ ಎಸಿಎಲ್ ಮತ್ತು ಪಿಸಿಎಲ್, ಒಳಬದಿಯಲ್ಲಿ ಎಂಸಿಎಲ್, ಹೊರಬದಿಯಲ್ಲಿ ಎಲ್‌ಸಿಎಲ್. ಹೊರಬದಿಯ ಹಿಂಮೂಲೆಯಲ್ಲಿ ಇನ್ನೂ ಕೆಲವು ಚಿಕ್ಕ ಕಟ್ಟುಗಳಿವೆ. ಇವುಗಳಲ್ಲಿ ಎರಡೋ ಮೂರೋ ಒಟ್ಟಿಗೆ ಹರಿಯಬೇಕಾದರೆ ಮಂಡಿ ಆ ಕ್ಷಣಕ್ಕೆ ಪೂರ್ತಿ ಕಳಚಿಕೊಂಡಿದ್ದಿರಬಹುದು. ಎಷ್ಟೋ ಸಲ ಆಸ್ಪತ್ರೆ ತಲುಪುವ ಮೊದಲೇ ಅದು ತಾನಾಗಿ ಮತ್ತೆ ಕೂತಿರುತ್ತದೆ. ಹಾಗಾಗಿ ಡಾಕ್ಟರು ಮೊದಲು ನೋಡುವುದು ಪಾದದಲ್ಲಿ ನಾಡಿ ಸಿಗುತ್ತದಾ, ಪಾದವನ್ನು ಮೇಲಕ್ಕೆ ಎತ್ತಲು ಆಗುತ್ತದಾ ಅಂತ. ಮಂಡಿಯ ಹಿಂದೆ ಹಾಯುವ ರಕ್ತನಾಳ ಹರಿದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಅಪಾಯವಿದೆ. ಅದರ ಮುಂದೆ ಉಳಿದದ್ದೆಲ್ಲ ಆಮೇಲಿನ ಮಾತು.

ಈ ಗಾಯಗಳನ್ನು ವಿಂಗಡಿಸಲು ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಶೆಂಕ್ 1990ರ ದಶಕದಲ್ಲಿ ಒಂದು ಪಟ್ಟಿ ಮಾಡಿದರು. ಈಗಲೂ ಬಹಳ ಕಡೆ ಅದನ್ನೇ ಬಳಸುತ್ತಾರೆ. ಯಾವ ಲಿಗಮೆಂಟುಗಳು ಹೋಗಿವೆ ಅನ್ನುವುದರ ಮೇಲೆ ಅದರಲ್ಲಿ ಅಂಕಿ ಕೊಡುತ್ತಾರೆ. ರಕ್ತನಾಳಕ್ಕೆ ಒಂದು ಅಕ್ಷರ, ನರಕ್ಕೆ ಒಂದು ಅಕ್ಷರ ಸೇರಿಸುತ್ತಾರೆ. ಮೆನಿಸ್ಕಸ್‌ಗೂ ಕಾರ್ಟಿಲೇಜ್‌ಗೂ ಅಲ್ಲಿ ಅಕ್ಷರವೇ ಇಲ್ಲ. ಅಪಘಾತದ ದಿನ ಕಾಲು ಉಳಿಸಿಕೊಳ್ಳುವ ಲೆಕ್ಕಕ್ಕೆ ಅದು ಸರಿಯಾದ ಪಟ್ಟಿಯೇ. ಆದರೆ ಅದನ್ನಷ್ಟೇ ಹಿಡಿದು ಕೂತರೆ ಅರ್ಧ ಕತೆ ಬಿಟ್ಟುಹೋಗುತ್ತದೆ.

ಮೆನಿಸ್ಕಸ್ ಏನು ಮಾಡುತ್ತದೆ ನೋಡೋಣ. ತೊಡೆಮೂಳೆಯ ಕೆಳತುದಿ ಗುಂಡಗಿದೆ. ಅದು ಕೂರುವ ಕಣಕಾಲು ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಗುಂಡಗಿರುವುದನ್ನು ಚಪ್ಪಟೆ ಜಾಗದ ಮೇಲೆ ಇಟ್ಟರೆ ಎಲ್ಲ ಭಾರವೂ ಒಂದು ಸಣ್ಣ ಜಾಗದ ಮೇಲೆ ಬೀಳುತ್ತದೆ. ಆ ಸಂದನ್ನು ತುಂಬುವುದಕ್ಕೆ ಒಳಗೊಂದು ಹೊರಗೊಂದು ಮೆನಿಸ್ಕಸ್ ಇವೆ. ಅಂಚಿನಲ್ಲಿ ದಪ್ಪ, ಒಳಕ್ಕೆ ಬರುತ್ತಾ ತೆಳು. ಕಾಲು ನೆಟ್ಟಗಿದ್ದಾಗ ಕೀಲಿನ ಮೇಲೆ ಬೀಳುವ ಭಾರದಲ್ಲಿ ಸುಮಾರು ಅರ್ಧವನ್ನು ಇವು ಹೊರುತ್ತವೆ. ಮಂಡಿ 90 ಡಿಗ್ರಿ ಮಡಿಚಿದಾಗ ಅದು ಸುಮಾರು 85 ಶೇಕಡಕ್ಕೆ ಏರುತ್ತದೆ.

ಹೊರುವ ರೀತಿ ಇನ್ನೂ ಸ್ವಾರಸ್ಯವಾಗಿದೆ. ಮೇಲಿನಿಂದ ಒತ್ತಡ ಬಿದ್ದಾಗ ಮೆನಿಸ್ಕಸ್ ಹೊರಕ್ಕೆ ಜಾರಬೇಕು. ಜಾರುವುದಿಲ್ಲ. ಅದರೊಳಗಿನ ನಾರುಗಳು ಸುತ್ತಲೂ ಬಳಸಿಕೊಂಡು ಹೋಗಿ, ಎರಡೂ ತುದಿಯಲ್ಲಿ ಮೂಳೆಗೆ ಬೇರುಬಿಟ್ಟಿವೆ. ಗಾಡಿಯ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿ ಮರದ ತುಂಡುಗಳನ್ನು ಹೇಗೆ ಬಿಚ್ಚಿಕೊಳ್ಳದಂತೆ ಹಿಡಿಯುತ್ತದೋ, ಈ ನಾರುಗಳು ಹಾಗೆ ಹಿಡಿದಿಡುತ್ತವೆ. ಆ ಪಟ್ಟಿ ಒಂದು ಕಡೆ ತುಂಡಾದರೂ ಸಾಕು, ಇಡೀ ಬಿಗಿ ಹೋಯಿತು. ಅದಕ್ಕೇ ಮೆನಿಸ್ಕಸ್‌ನ ಬೇರು ಕಿತ್ತುಬಂದರೆ, ನೋಡುವುದಕ್ಕೆ ತುಂಡೆಲ್ಲ ಅಲ್ಲೇ ಇದ್ದರೂ, ಅದು ಇಲ್ಲದಷ್ಟೇ ಲೆಕ್ಕ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ದಾನವಾಗಿ ಬಂದ ಮೃತದೇಹಗಳ ಮಂಡಿಗಳ ಮೇಲೆ ಮಾಡಿ 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಒಳಬದಿಯ ಮೆನಿಸ್ಕಸ್‌ನ ಹಿಂಬೇರು ಕತ್ತರಿಸಿದಾಗ ಕೀಲಿನ ಒತ್ತಡ ಪೂರ್ತಿ ಮೆನಿಸ್ಕಸ್ ತೆಗೆದಾಗ ಆಗುವಷ್ಟೇ ಏರಿತು. ಬೇರನ್ನು ಮತ್ತೆ ಕಟ್ಟಿದಾಗ ಒತ್ತಡ ಮೊದಲಿನ ಮಟ್ಟಕ್ಕೆ ಬಂತು.

ಒಂದು ಕಾಲಕ್ಕೆ ವೈದ್ಯರಿಗೇ ಇದರ ಮೇಲೆ ಗೌರವ ಇರಲಿಲ್ಲ. 1887ರಲ್ಲಿ ಇಂಗ್ಲೆಂಡಿನ ಬ್ಲಾಂಡ್ ಸಟನ್ ಮೆನಿಸ್ಕಸ್ ಅಂದರೆ ಕಾಲಿನ ಯಾವುದೋ ಹಳೆಯ ಸ್ನಾಯುವಿನ ಕೆಲಸವಿಲ್ಲದ ಅವಶೇಷ ಅಂದುಬಿಟ್ಟ. ಆಮೇಲೆ ಎಷ್ಟೋ ದಶಕ ಹರಿದ ಮೆನಿಸ್ಕಸ್ ಸಿಕ್ಕರೆ ಸುಮ್ನೆ ಕಿತ್ತು ಬಿಸಾಡುತ್ತಿದ್ದರು. ತಮಾಷೆ ಅಂದರೆ ಅದಕ್ಕೂ ಮೊದಲೇ, 1883ರಲ್ಲಿ, ಎಡಿನ್‌ಬರೊದ ಥಾಮಸ್ ಆನಂಡೇಲ್ ಹರಿದ ಮೆನಿಸ್ಕಸ್‌ಗೆ ಹೊಲಿಗೆ ಹಾಕಿ ಉಳಿಸಿದ್ದ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 1948ರಲ್ಲಿ ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ವೈದ್ಯ ಮೆನಿಸ್ಕಸ್ ತೆಗೆಸಿಕೊಂಡವರ ಎಕ್ಸ್‌ರೇಗಳನ್ನು ಸಾಲಾಗಿಟ್ಟು ನೋಡಿದ. ಮೂಳೆಯ ತುದಿ ಚಪ್ಪಟೆಯಾಗಿತ್ತು, ಸಂದು ಕಿರಿದಾಗಿತ್ತು, ಅಂಚಿನಲ್ಲಿ ಏಣು ಬೆಳೆದಿತ್ತು. ಆಮೇಲೂ ಅಭ್ಯಾಸ ಬಿಡುವುದಕ್ಕೆ ಬಹಳ ಕಾಲ ಹಿಡಿಯಿತು.

ಇನ್ನು ಕಾರ್ಟಿಲೇಜ್. ಮೂಳೆಯ ತುದಿಗಳಿಗೆ ಹಚ್ಚಿದಂತಿರುವ ಬಿಳಿಯ, ನುಣುಪಾದ ಪದರ ಇದು. ಮಂಡಿಯ ಬಹುಭಾಗದಲ್ಲಿ ಇದರ ದಪ್ಪ 2ರಿಂದ 4 ಮಿಲಿಮೀಟರ್ ಅಷ್ಟೇ, ಮಂಡಿಚಿಪ್ಪಿನ ಹಿಂದೆ ಸ್ವಲ್ಪ ಜಾಸ್ತಿ. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಇದರೊಳಗೆ ರಕ್ತನಾಳ ಇಲ್ಲ, ನರ ಇಲ್ಲ. ಜೀವಕೋಶಗಳೂ ತೀರಾ ಕಡಿಮೆ. ನರ ಇಲ್ಲದ್ದರಿಂದ ಇದು ಹಾಳಾಗುವಾಗ ನೋವೂ ಗೊತ್ತಾಗುವುದಿಲ್ಲ. ರಕ್ತ ಇಲ್ಲದ್ದರಿಂದ ವಾಸಿಯೂ ಆಗುವುದಿಲ್ಲ. ಒಮ್ಮೆ ಹಾಳಾದ ಕಾರ್ಟಿಲೇಜ್ ಮತ್ತೆ ಬರುವುದಿಲ್ಲ ಅಂತ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಆ ಮಾತನ್ನು ಪೂರ್ತಿ ಸುಳ್ಳು ಮಾಡುವುದಕ್ಕೆ ಇವತ್ತಿಗೂ ಆಗಿಲ್ಲ.

ಪೆಟ್ಟು ಬಿದ್ದ ಕ್ಷಣದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಮಂಡಿಯ ಒಂದು ಬದಿ ಬಾಯಿ ತೆರೆಯುತ್ತದೆ. ಅಲ್ಲಿ ಲಿಗಮೆಂಟ್ ಹರಿಯುತ್ತದೆ. ಅದರ ಎದುರು ಬದಿಯಲ್ಲಿ ಮೂಳೆಗೆ ಮೂಳೆ ಗುದ್ದುತ್ತದೆ. ಕಾರ್ಟಿಲೇಜ್ ಜಜ್ಜಿಹೋಗುವುದು ಅಲ್ಲಿ. ಹೊರಗಡೆಯಿಂದ ಪೆಟ್ಟು ಬಿದ್ದು ಮಂಡಿ ಒಳಕ್ಕೆ ಬಾಗಿದರೆ ಒಳಬದಿಯ ಎಂಸಿಎಲ್ ಹರಿಯುತ್ತದೆ, ಹೊರಬದಿಯ ಕಾರ್ಟಿಲೇಜ್ ಮತ್ತು ಮೆನಿಸ್ಕಸ್ ಒತ್ತಿಗೆ ಸಿಕ್ಕಿಕೊಳ್ಳುತ್ತವೆ. ಮಂಡಿ ಹೊರಕ್ಕೆ ಬಾಗಿದರೆ ಇದರ ತಿರುಗುಮುರುಗು. ಹಿಂದಕ್ಕೆ ಅತಿಯಾಗಿ ಬಾಗಿದರೆ ಮೂಳೆಗಳ ಮುಂಭಾಗ ಒಂದಕ್ಕೊಂದು ಬಡಿಯುತ್ತದೆ. ಎಂಆರ್‌ಐಯಲ್ಲಿ ಮೂಳೆಯೊಳಗೆ ಕಾಣುವ ಜಜ್ಜುಗಾಯದ ಕಲೆ ನೋಡಿ ಬಲ ಯಾವ ಕಡೆಯಿಂದ ಬಂತು ಅಂತ ಅನುಭವಸ್ಥರು ಹೇಳಿಬಿಡುತ್ತಾರೆ. ಹಾಗೆ ಹೇಳಲು ಬಂದರೆ, ಯಾವ ಕಡೆಯ ಕಾರ್ಟಿಲೇಜನ್ನು ಅನುಮಾನದಿಂದ ನೋಡಬೇಕು ಅನ್ನುವುದೂ ಗೊತ್ತಾದಂತೆಯೇ.

ಇಲ್ಲೊಂದು ಸೂಕ್ಷ್ಮ ಇದೆ. ಪೆಟ್ಟು ಭಯಂಕರವಾಗಿದ್ದಷ್ಟೂ ಮೆನಿಸ್ಕಸ್ ಹೆಚ್ಚು ಹರಿಯುತ್ತದೆ ಅಂತ ಅನಿಸುತ್ತದೆ, ಅಲ್ವಾ? ಯಾವಾಗಲೂ ಹಾಗಾಗುವುದಿಲ್ಲ. ಕೀಲು ಬಾಯಿ ತೆರೆದ ಬದಿಯಲ್ಲಿ ಮೆನಿಸ್ಕಸ್ ಮೂಳೆಗಳ ನಡುವೆ ಸಿಕ್ಕಿಕೊಳ್ಳುವುದೇ ಇಲ್ಲ. ಅಂಚಿನಿಂದ ಕಿತ್ತುಬರಬಹುದು, ಆದರೆ ತುಂಡು ತುಂಡಾಗದೆ ಉಳಿದಿರಬಹುದು. ಅಂಚಿಗೆ ರಕ್ತ ಬರುವುದರಿಂದ ಅಂಥದ್ದನ್ನು ಹೊಲಿದರೆ ಕೂಡಿಕೊಳ್ಳುತ್ತದೆ. ಒಟ್ಟಾರೆ ಲೆಕ್ಕ ಮಾತ್ರ ಸಮಾಧಾನ ಕೊಡುವಂಥದ್ದಲ್ಲ. ಕಳಚಿದ ಮಂಡಿಗಳ ಬಗ್ಗೆ ಅಮೆರಿಕದ ಮೇಯೊ ಕ್ಲಿನಿಕ್ ತಂಡ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಂಡಿಗಳಲ್ಲಿ ಮೆನಿಸ್ಕಸ್ ಅಥವಾ ಕಾರ್ಟಿಲೇಜ್, ಎರಡರಲ್ಲಿ ಒಂದಾದರೂ ಹಾಳಾಗಿತ್ತು.

ಅಪಘಾತದ ದಿನ ಆದದ್ದು ಒಂದು ಪಾಲು. ಆಮೇಲೆ ತಿಂಗಳುಗಟ್ಟಲೆ ನಡೆಯುವುದು ಇನ್ನೊಂದು ಪಾಲು. ಎಸಿಎಲ್ ಇಲ್ಲದ ಮಂಡಿಯಲ್ಲಿ ಕಣಕಾಲು ಮೂಳೆ ಹೆಜ್ಜೆಹೆಜ್ಜೆಗೂ ಮುಂದಕ್ಕೆ ಜಾರಲು ನೋಡುತ್ತದೆ. ಅದನ್ನು ತಡೆಯುವ ಕೆಲಸ ಒಳಬದಿಯ ಮೆನಿಸ್ಕಸ್‌ನ ಹಿಂಭಾಗದ ಮೇಲೆ ಬೀಳುತ್ತದೆ. ಹೊರಗಿನ ಮೆನಿಸ್ಕಸ್ ಅಷ್ಟಿಷ್ಟು ಅತ್ತಿತ್ತ ಸರಿದಾಡಬಲ್ಲದು. ಒಳಗಿನದಕ್ಕೆ ಆ ಸ್ವಾತಂತ್ರ್ಯ ಇಲ್ಲ, ಅದು ಕೀಲನ್ನು ಸುತ್ತಿಕೊಂಡಿರುವ ಚೀಲಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ದಿನವೂ ಉಜ್ಜಿಸಿಕೊಂಡು ಕೊನೆಗೆ ಅದೂ ಹರಿಯುತ್ತದೆ. ಎಸಿಎಲ್ ಹರಿದ ಹೊಸದರಲ್ಲಿ ಹೊರಗಿನ ಮೆನಿಸ್ಕಸ್‌ನ ಸೀಳು ಹೆಚ್ಚು ಕಾಣುವುದು, ಹಳೆಯ ಕೇಸುಗಳಲ್ಲಿ ಒಳಗಿನದ್ದು ಹೆಚ್ಚಾಗುವುದು ಇದೇ ಕಾರಣಕ್ಕೆ. ಆಮೇಲಿನ ಸರದಿ ಕಾರ್ಟಿಲೇಜ್‌ನದ್ದು. ಆರು ತಿಂಗಳು, ಒಂದು ವರ್ಷ ಅಂತ ಸಡಿಲ ಮಂಡಿಯಲ್ಲೇ ಓಡಾಡಿದವರಿಗೆ ಆಪರೇಷನ್ ಮಾಡಲು ಹೋದಾಗ ಒಳಗಿನ ಸ್ಥಿತಿ ರಿಪೋರ್ಟಿಗಿಂತ ಕೆಟ್ಟಿರುವುದುಂಟು. ಊತ ಇಳಿಯಿತು, ನಡೆಯಲು ಬರುತ್ತದೆ, ಇನ್ನೇನು ಅಂತ ಕೈಬಿಡುವುದು ದುಬಾರಿ ಆಗುವುದು ಇಲ್ಲೇ.

ಎಂಆರ್‌ಐ ಎಲ್ಲವನ್ನೂ ತೋರಿಸುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಒಳಗಿನ ಮೆನಿಸ್ಕಸ್ ಹಿಂಬದಿಯಲ್ಲಿ ಕೀಲಿನ ಚೀಲದಿಂದ ಬಿಟ್ಟುಕೊಳ್ಳುವ ಒಂದು ಬಗೆಯ ಸೀಳಿದೆ, ಅದಕ್ಕೆ ರ‍್ಯಾಂಪ್ ಸೀಳು ಅನ್ನುತ್ತಾರೆ. ಎಂಆರ್‌ಐ ತೆಗೆಯುವಾಗ ಕಾಲು ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಆಗ ಆ ಸೀಳಿನ ಎರಡು ಅಂಚೂ ಕೂಡಿಕೊಂಡು ಏನೂ ಆಗಿಲ್ಲವೇನೋ ಅನ್ನುವಂತೆ ಕಾಣುತ್ತದೆ. ಆಪರೇಷನ್ ಸಮಯದಲ್ಲೂ ಕ್ಯಾಮೆರಾವನ್ನು ಮುಂದಿನಿಂದ ಮಾತ್ರ ಹಾಕಿ ನೋಡಿದರೆ ತಪ್ಪಿಹೋಗಬಹುದು. ಹಿಂದಿನ ಮೂಲೆಗೆ ಕ್ಯಾಮೆರಾ ತೂರಿಸಿ, ಕೊಕ್ಕೆಯಿಂದ ಎಳೆದು ನೋಡಬೇಕು. ಕಾರ್ಟಿಲೇಜ್‌ನ ಮೇಲ್ಪದರದ ಬಿರುಕುಗಳೂ ಹಾಗೆಯೇ, ಕೊಕ್ಕೆ ಆಡಿಸಿದಾಗಲೇ ಸಿಗುತ್ತವೆ.

ಇಷ್ಟೆಲ್ಲ ಹರಿದಿದೆ ಅಂದಮೇಲೆ ಆ ದಿನವೇ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಕೀಹೋಲ್ ಆಪರೇಷನ್ ಮಾಡಿಬಿಡಬಹುದಲ್ಲ ಅಂತ ಕೇಳಬಹುದು. ಕೀಹೋಲಿನಲ್ಲಿ ಕೀಲನ್ನು ನೀರಿನಿಂದ ಉಬ್ಬಿಸಬೇಕು. ಚೀಲ ಹರಿದಿದ್ದರೆ ಆ ನೀರು ಸೋರಿ ಮೀನಖಂಡಕ್ಕೆ ಇಳಿದು ಅಲ್ಲಿ ಅಪಾಯದ ಮಟ್ಟಕ್ಕೆ ಒತ್ತಡ ಏರಿಸಬಹುದು. ಅದಕ್ಕೆ ಚೀಲ ಸ್ವಲ್ಪ ಮುಚ್ಚಿಕೊಳ್ಳಲಿ ಅಂತ ಒಂದೆರಡು ವಾರ ಕಾಯುವವರು ಬಹಳ. ತೀರಾ ತಡಮಾಡಿದರೆ ಮೆನಿಸ್ಕಸ್‌ನ ಅಂಚು ಸುರುಟಿಕೊಂಡು ಹೊಲಿಯಲು ಬಾರದಂತಾಗುತ್ತದೆ. ಈ ಎರಡರ ನಡುವೆ ದಿನ ಗೊತ್ತುಮಾಡಬೇಕು. ರೋಗಿಯ ಪುಣ್ಯಕ್ಕೆ ಒಂದು ಅನುಕೂಲವೂ ಇದೆ. ಲಿಗಮೆಂಟ್ ಕೂರಿಸಲು ಮೂಳೆಯಲ್ಲಿ ರಂಧ್ರ ಕೊರೆದಾಗ ಮಜ್ಜೆಯ ರಕ್ತ ಕೀಲಿಗೆ ಇಳಿಯುತ್ತದೆ. ಎಸಿಎಲ್ ಕೂರಿಸುವ ಜೊತೆಯಲ್ಲೇ ಹೊಲಿದ ಮೆನಿಸ್ಕಸ್ ಬರೀ ಒಂಟಿಯಾಗಿ ಹೊಲಿದದ್ದಕ್ಕಿಂತ ಚೆನ್ನಾಗಿ ಕೂಡಿಕೊಳ್ಳಲು ಇದು ಒಂದು ಕಾರಣ ಅಂತ ನಂಬಿಕೆ.

ನಿಜವಾದ ಇಕ್ಕಟ್ಟು ಆಪರೇಷನ್ ಆದಮೇಲೆ. ಹಲವು ಲಿಗಮೆಂಟ್ ರಿಪೇರಿಯಾದ ಮಂಡಿ ಬೇಗ ಬಿಗಿದುಕೊಳ್ಳುತ್ತದೆ, ಹಾಗಾಗಿ ಆದಷ್ಟು ಬೇಗ ಆಡಿಸಬೇಕು. ಹೊಲಿದ ಮೆನಿಸ್ಕಸ್‌ಗೆ ಅದು ಹಿಡಿಸುವುದಿಲ್ಲ. ಬೇರನ್ನು ಮೂಳೆಗೆ ಕಟ್ಟಿದ್ದರೆ ಸಾಮಾನ್ಯವಾಗಿ ಆರು ವಾರ ಆ ಕಾಲಿನ ಮೇಲೆ ಭಾರ ಬಿಡುವಂತಿಲ್ಲ, ಮೊದಮೊದಲು 90 ಡಿಗ್ರಿ ಮೀರಿ ಮಡಿಚುವಂತಿಲ್ಲ. ಪಿಸಿಎಲ್‌ದು ಇನ್ನೊಂದು ಷರತ್ತು, ಕಣಕಾಲು ಮೂಳೆ ಹಿಂದಕ್ಕೆ ಕುಸಿಯದಂತೆ ನೋಡಿಕೊಂಡು ವ್ಯಾಯಾಮ ಮಾಡಬೇಕು. ಪಕ್ಕದ ಬೆಡ್ಡಿನಲ್ಲಿ ಬರೀ ಎಸಿಎಲ್ ಮಾಡಿಸಿಕೊಂಡವರು ಮರುದಿನವೇ ನಡೆಯುತ್ತಿದ್ದಾರೆ, ನನಗೇಕೆ ಬಿಡುತ್ತಿಲ್ಲ ಅಂತ ಹೋಲಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಕಾರ್ಟಿಲೇಜ್ ಕಿತ್ತುಹೋದ ಜಾಗಕ್ಕೂ ಕೆಲವು ಉಪಾಯಗಳಿವೆ. ಕೆಳಗಿನ ಮೂಳೆಗೆ ಸಣ್ಣ ತೂತು ಮಾಡಿ ಮಜ್ಜೆಯ ಕೋಶಗಳು ಮೇಲೆ ಬರುವಂತೆ ಮಾಡುತ್ತಾರೆ. ಆಗ ಬೆಳೆಯುವುದು ಮೊದಲಿನಂಥ ನುಣುಪು ಪದರವಲ್ಲ, ನಾರುನಾರಾದ, ಬೇಗ ಸವೆಯುವ ಪದರ. ಭಾರ ಬೀಳದ ಜಾಗದಿಂದ ಮೂಳೆಸಮೇತ ಸಣ್ಣ ತುಂಡು ತೆಗೆದು ನೆಡುವುದು ಇನ್ನೊಂದು ದಾರಿ. ರೋಗಿಯದೇ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತುಂಬುವ ವಿಧಾನವನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರು. ಮೂರಕ್ಕೂ ಒಂದು ಷರತ್ತಿದೆ. ಮಂಡಿ ಮೊದಲು ಗಟ್ಟಿಯಾಗಿ ನಿಲ್ಲಬೇಕು. ಸಡಿಲ ಕೀಲಿನಲ್ಲಿ ಹಾಕಿದ ಪದರ ಮತ್ತೆ ಉಜ್ಜಿಹೋಗುತ್ತದೆ. ಕಾಲು ಒಳಕ್ಕೋ ಹೊರಕ್ಕೋ ಸೊಟ್ಟಗಿದ್ದರೂ ಅಷ್ಟೇ, ಕೆಲವೊಮ್ಮೆ ಮೂಳೆಯನ್ನೇ ಕತ್ತರಿಸಿ ನೇರ ಮಾಡಬೇಕಾಗುತ್ತದೆ.

ಕಾರ್ಟಿಲೇಜ್ ತಾನೇ ನೋಯುವುದಿಲ್ಲ ಅಂದೆವಲ್ಲ, ಮತ್ತೆ ಗೊತ್ತಾಗುವುದು ಹೇಗೆ? ಬಹಳ ಮಟ್ಟಿಗೆ ಊತದಿಂದ. ಆಪರೇಷನ್ ಆಗಿ ತಿಂಗಳುಗಳು ಕಳೆದ ಮೇಲೂ ಸ್ವಲ್ಪ ಜಾಸ್ತಿ ನಡೆದ ದಿನ ಸಂಜೆಗೆ ಮಂಡಿ ತುಂಬಿಕೊಳ್ಳುತ್ತಿದ್ದರೆ, ಮೆಟ್ಟಿಲು ಇಳಿಯುವಾಗ ಒಳಗೆ ಏನೋ ಸಿಕ್ಕಿಕೊಂಡು ಬಿಟ್ಟಂತಾದರೆ, ಪೂರ್ತಿ ನೆಟ್ಟಗೆ ಮಾಡಲು ಹೋದಾಗ ಅಡ್ಡ ಬಂದಂತಾದರೆ, ಲಿಗಮೆಂಟ್ ಗಟ್ಟಿಯಾಗಿದೆ ಅನ್ನುವ ಸರ್ಟಿಫಿಕೇಟ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆಗ ಡಾಕ್ಟರ ಮುಂದೆ ಹಳೆಯ ರಿಪೋರ್ಟ್ ಇಟ್ಟು, ಕೊನೆಯ ಆ ಒಂದೆರಡು ಸಾಲಿಗೆ ಆಪರೇಷನ್ನಿನಲ್ಲಿ ಏನು ಮಾಡಿದಿರಿ, ಹೊಲಿದಿರಾ, ಕತ್ತರಿಸಿದಿರಾ, ಹಾಗೇ ಬಿಟ್ಟಿರಾ ಅಂತ ನೇರವಾಗಿ ಕೇಳಬೇಕು.