ದಿನವೂ ನಡೆಯುವ ಅಮ್ಮನಿಗೆ ಕುಣಿತವೂ ಬೇಕೇ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ದಿನವೂ ಅರ್ಧ ಗಂಟೆ ನಡೆಯುತ್ತಾರೆ. ಈಗ ಹಿರಿಯರ ಗುಂಪು ನೃತ್ಯಕ್ಕೆ ಸೇರುತ್ತೇನೆ ಎನ್ನುತ್ತಿದ್ದಾರೆ. ನಡಿಗೆಯೇ ಸಾಲದೇ? ಬಿದ್ದುಬಿಟ್ಟರೆ ಎಂಬ ಭಯ ನನಗೆ.

ಉತ್ತರ: ಬೀಳುವ ಭಯವಿದೆ ಎಂಬ ಕಾರಣಕ್ಕೇ ಅವರನ್ನು ಕಳುಹಿಸಿ ಎನ್ನುತ್ತೇನೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡುವುದು ಬೇಡ. ಆದರೆ ನಡೆಯುವವರು ಮುಂದಕ್ಕಷ್ಟೇ ಸಾಗುತ್ತಾರೆ. ವಯಸ್ಸಾದವರು ಆಯ ತಪ್ಪುವುದು ತಿರುಗುವಾಗ, ಹಿಂದೆ ಸರಿಯುವಾಗ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವಾಗ. ಕುಣಿತದಲ್ಲಿ ಪಳಗುವುದು ಈ ಚಲನೆಗಳೇ. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆಯ ಜೊತೆಗೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಮಿದುಳಿಗೂ ಇಲ್ಲಿ ಕೆಲಸವಿದೆ. ಜರ್ಮನಿಯ ಮ್ಯಾಗ್ಡೆಬರ್ಗ್‌ನ ಸಂಶೋಧಕರು ಹಿರಿಯರ ಒಂದು ಗುಂಪಿಗೆ 18 ತಿಂಗಳು ನೃತ್ಯವನ್ನೂ ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮವನ್ನೂ ಕಲಿಸಿದರು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗ ಎರಡೂ ಗುಂಪುಗಳಲ್ಲಿ ಹಿಗ್ಗಿತು. ಸಮತೋಲನ ಗಮನಾರ್ಹವಾಗಿ ಸುಧಾರಿಸಿದ್ದು ಕುಣಿದವರಲ್ಲಿ ಮಾತ್ರ. 2017ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಇದೊಂದನ್ನೇ ಕೊನೆಯ ಮಾತೆಂದು ಹಿಡಿಯಲಾಗದು. ಆದರೂ ಕುಣಿದವರಿಗೆ ಹೊಸ ಹೊಸ ಹೆಜ್ಜೆಗಳನ್ನು ಕಲಿಸುತ್ತಲೇ ಇದ್ದರು ಎಂಬುದನ್ನು ಗಮನಿಸಿ. ವರ್ಷಗಟ್ಟಲೆ ಒಂದೇ ಕುಣಿತವನ್ನು ಆಡಿಸುವ ತರಗತಿಗಿಂತ ಆಗಾಗ ಹೊಸದನ್ನು ಹೇಳಿಕೊಡುವ ತರಗತಿಯನ್ನು ಹುಡುಕಿ.

ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಗುಂಪು. ಒಂಟಿಯಾಗಿ ಬದುಕುವ ಎಷ್ಟೋ ಹಿರಿಯರ ಕೈಯನ್ನು ವಾರವಿಡೀ ಯಾರೂ ಹಿಡಿದಿರುವುದಿಲ್ಲ. ವೃತ್ತದಲ್ಲಿ ನಿಂತರೆ ಎರಡೂ ಬದಿಯಲ್ಲಿ ಕೈ ಸಿಗುತ್ತದೆ. ಹೆಜ್ಜೆ ಮರೆತರೆ ಪಕ್ಕದವರ ಕಾಲನ್ನು ನೋಡಿ ಮುಂದುವರಿಯಬಹುದು, ಮರೆತೆನೆಂಬ ನಾಚಿಕೆ ಅಲ್ಲಿ ಉಳಿಯುವುದಿಲ್ಲ. ಒಂದು ದಿನ ಬಾರದಿದ್ದರೆ ಸಾಲಿನಲ್ಲಿ ಜಾಗ ಖಾಲಿಯಾಗಿ ಕಾಣುತ್ತದೆ, ಯಾರಾದರೂ ಫೋನ್ ಮಾಡಿ ವಿಚಾರಿಸುತ್ತಾರೆ. ಎಲ್ಲರೂ ಒಂದೇ ತಾಳಕ್ಕೆ ಚಲಿಸುವಾಗ ಪರಸ್ಪರ ಆಪ್ತತೆ ಹೆಚ್ಚುತ್ತದೆ ಎಂಬುದು ಪ್ರಯೋಗಗಳಲ್ಲೂ ಕಂಡಿದೆ. ವ್ಯಾಯಾಮವನ್ನು ಅರ್ಧಕ್ಕೆ ಬಿಡುವವರೂ ಗೆಳತಿಯರಿಗಾಗಿ ತಪ್ಪದೆ ಬರುತ್ತಾರೆ.

ತಲೆಸುತ್ತು, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಜಾರದ, ಹಿಮ್ಮಡಿ ಎತ್ತರವಿಲ್ಲದ ಪಾದರಕ್ಷೆ ಇರಲಿ. ಮಂಡಿ ನೋಯುವ ದಿನ ಕುರ್ಚಿಯಲ್ಲಿ ಕುಳಿತೇ ಕೈ, ಭುಜ, ಪಾದಗಳನ್ನು ಆಡಿಸಬಹುದು. ಅದಕ್ಕೆ ಅವಕಾಶ ಕೊಡುವವರೇ ಎಂದು ಸೇರುವ ಮುನ್ನ ವಿಚಾರಿಸಿ. ಮೊದಲ ದಿನ ನೀವೂ ಜೊತೆಗೆ ಹೋಗಿ, ಸಾಧ್ಯವಾದರೆ ಅಮ್ಮನ ಪಕ್ಕದಲ್ಲೇ ನಿಂತು ಕುಣಿಯಿರಿ.