ಮಳೆಗಾಲದಲ್ಲಿ ಸೈಕಲ್ ತುಳಿಯೋಕೆ ಯಾವ ರೇನ್‌ಕೋಟ್ ತಗೋಬೇಕು?

ಜೂನ್ ಬಂತೆಂದರೆ ಈ ಪ್ರಶ್ನೆ ಒಬ್ಬರಲ್ಲ ಒಬ್ಬರಿಂದ ಬಂದೇ ಬರುತ್ತದೆ. ಈ ಸಲ ಕೇಳಿದವರು ಬೆಂಗಳೂರಿನ ಜೆ.ಪಿ. ನಗರದವರು. "ದಿನಾ ಸೈಕಲ್‌ನಲ್ಲಿ ಕೋರಮಂಗಲದ ಆಫೀಸಿಗೆ ಹೋಗ್ತಿದ್ದೆ. ಮಳೆ ಶುರುವಾದ ಮೇಲೆ ಸೈಕಲ್ ಮನೇಲೇ ನಿಂತಿದೆ. ಹೋದ ವರ್ಷ ತಗೊಂಡ ರೇನ್‌ಕೋಟ್ ಹಾಕಿಕೊಂಡರೆ ಮಳೆಗಿಂತ ಜಾಸ್ತಿ ಬೆವರಲ್ಲೇ ಒದ್ದೆಯಾಗ್ತೀನಿ. ಒಳ್ಳೇ ರೇನ್‌ಕೋಟ್ ಯಾವುದು ಹೇಳಿ."

ನೇರವಾಗಿ ಹೇಳುತ್ತೇನೆ. ರೇನ್‌ಕೋಟಿಗೆ ಎತ್ತಿಟ್ಟ ದುಡ್ಡನ್ನು ಮೊದಲು ಮಡ್‌ಗಾರ್ಡಿಗೆ, ಬ್ರೇಕ್ ರಬ್ಬರಿಗೆ, ಹಿಂದಿನ ಲೈಟಿಗೆ ಹಾಕಿ. ಉಳಿದಿದ್ದರಲ್ಲಿ ರೇನ್‌ಕೋಟ್ ತಗೊಳ್ಳಿ. ಸೈಕಲ್ ತುಳಿಯುತ್ತಾ ಪೂರ್ತಿ ಒಣಗಿರೋಕೆ ಆಗಲ್ಲ, ಅದಕ್ಕೆ ಹಟ ಹಿಡಿದವರೇ ಜುಲೈ ಹೊತ್ತಿಗೆ ಸೈಕಲ್ ಬಿಟ್ಟುಬಿಡುತ್ತಾರೆ. ಬೆಂಗಳೂರಿನ ಮಳೆಗಾಲದಲ್ಲಿ ಬೆಳಿಗ್ಗೆ ಹೊತ್ತು ಸುಮಾರು 20 ಡಿಗ್ರಿ ಇರುತ್ತದೆ. ತುಳಿಯುತ್ತಾ ಮೈ ಬಿಸಿಯಾಗಿರುವಾಗ ಅರ್ಧ ಗಂಟೆ ನೆನೆದರೆ ಏನೂ ಆಗುವುದಿಲ್ಲ, ಹೋದ ಮೇಲೆ ಒಣ ಬಟ್ಟೆ ಹಾಕಿಕೊಂಡರೆ ಸಾಕು. ಮಡಿಕೇರಿ ಕಡೆಯ ಚಳಿಗಾಳಿ ಮಳೆಗೆ ಈ ಮಾತು ಹೊಂದುವುದಿಲ್ಲ, ಅಲ್ಲಿ ಗಾಳಿ ತಡೆಯುವ ಜಾಕೆಟ್ ಬೇಕೇ ಬೇಕು.

ಈಗ ಮಡ್‌ಗಾರ್ಡ್ ವಿಷಯ. ಅಪ್ಪನ ಕಾಲದ ಸೈಕಲ್ಲಿಗೆ ಎರಡೂ ಕಡೆ ಉದ್ದನೆಯ ಮಡ್‌ಗಾರ್ಡ್ ಇರುತ್ತಿತ್ತು. ಈಗಿನ ಗೇರ್ ಸೈಕಲ್‌ಗಳು ಬಹಳಷ್ಟು ಅದಿಲ್ಲದೇ ಬರುತ್ತವೆ. ಮೇಲಿಂದ ಬೀಳುವ ನೀರು ಶುದ್ಧ, ಚಕ್ರ ಎರಚುವುದು ರಸ್ತೆಯ ಕೆಸರು, ಎಣ್ಣೆ, ಚರಂಡಿ ನೀರು. ಬೆನ್ನ ಮೇಲೆ ಕಂದು ಪಟ್ಟೆ ಬೀಳುವುದು, ಸೀಟ್ ಒದ್ದೆಯಾಗುವುದು, ಶೂ ತುಂಬುವುದು ಎಲ್ಲಾ ಅದರಿಂದಲೇ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಚಕ್ರವನ್ನು ಪೂರ್ತಿ ಮುಚ್ಚುವಂಥದ್ದನ್ನೇ ಕೇಳಿ. ಸೀಟಿನ ಕೆಳಗೆ ಸಿಕ್ಕಿಸುವ ತುಂಡು ಪ್ಲಾಸ್ಟಿಕ್ ತಗೊಂಡರೆ ಕಾಲಿಗೆ ಏನೂ ಉಪಯೋಗವಿಲ್ಲ.

ಬ್ರೇಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಮಳೆಯಲ್ಲಿ ಜನ ಬೀಳುವುದು, ಗುದ್ದಿಕೊಳ್ಳುವುದು ಇಲ್ಲೇ. ರಿಮ್ಮನ್ನು ಹಿಡಿಯುವ ರಬ್ಬರ್ ಬ್ರೇಕ್ ಇದ್ದರೆ, ಒದ್ದೆ ರಿಮ್ಮಿನ ಮೇಲೆ ಅದು ಮೊದಲು ನೀರು ಒರೆಸಬೇಕು, ಆಮೇಲಷ್ಟೇ ಹಿಡಿಯುವುದು. ಚಕ್ರ ಒಂದೆರಡು ಸುತ್ತು ತಿರುಗುವ ತನಕ ಬ್ರೇಕೇ ಇಲ್ಲ ಅಂತ ಲೆಕ್ಕ ಇಟ್ಟುಕೊಳ್ಳಿ. 26 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ, ಅಂದರೆ ನೀವು ಬ್ರೇಕ್ ಒತ್ತಿದ ಮೇಲೂ 4 ಮೀಟರ್ ಸುಮ್ನೆ ಹೋಗಿಬಿಡುತ್ತದೆ, ನಿಧಾನವಾಗೋಕೆ ಶುರುವಾಗುವುದೇ ಆಮೇಲೆ. ಹಳೇ ಸೈಕಲ್‌ಗಳ ಹೊಳೆಯುವ ಸ್ಟೀಲ್ ರಿಮ್ ಆದರೆ ಇನ್ನೂ ಕಷ್ಟ, ಅದಕ್ಕಿಂತ ಅಲ್ಯುಮಿನಿಯಂ ರಿಮ್ ಎಷ್ಟೋ ವಾಸಿ. ಸಿಗ್ನಲ್ ದೂರದಲ್ಲಿ ಕಂಡಾಗಲೇ ಎರಡೂ ಬ್ರೇಕನ್ನು ಹಗುರವಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ರಿಮ್ ಒಣಗುತ್ತದೆ. ಇಳಿಜಾರಿನಲ್ಲಿ ಇದನ್ನು ಮಾಡುತ್ತಲೇ ಇರಿ. ಡಿಸ್ಕ್ ಬ್ರೇಕ್ ಇದ್ದವರಿಗೆ ಈ ತೊಂದರೆ ಕಡಿಮೆ. ಆದರೆ ಡಿಸ್ಕ್ ಹಿಡಿಯುವುದು ಚಕ್ರವನ್ನು, ರಸ್ತೆಯನ್ನು ಹಿಡಿಯಬೇಕಾದ್ದು ಟೈರೇ. ಜೋರಾಗಿ ಒತ್ತಿದರೆ ಚಕ್ರ ನಿಂತು ಸೈಕಲ್ ಜಾರುತ್ತದೆ. ಟೈರ್ ಸವೆದಿದ್ದರೆ ಬದಲಾಯಿಸಿ, ಗಾಳಿಯನ್ನು ಮಾಮೂಲಿಗಿಂತ 5ರಿಂದ 10 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಕಡಿಮೆ ಇಡಿ.

ತಿರುವಿನಲ್ಲಂತೂ ಬ್ರೇಕ್ ಮುಟ್ಟಬೇಡಿ. ತಿರುಗುವ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ ನಿಧಾನ ಮಾಡಿಕೊಳ್ಳಿ. ನಾನು ಇದನ್ನು ಕಲಿತಿದ್ದು ಬಿದ್ದ ಮೇಲೆ. ಏಪ್ರಿಲ್ ಕೊನೆ, ಜಯನಗರದ ಒಂದು ಅಡ್ಡರಸ್ತೆ, ಸಂಜೆ ಮಳೆ ಆಗಷ್ಟೇ ಶುರುವಾಗಿತ್ತು. ನೆಲದ ತುಂಬಾ ಹೊಂಗೆ ಹೂವು ಉದುರಿತ್ತು. ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದ್ದೇ ತಡ, ಮೊಣಕೈ ನೆಲದಲ್ಲಿತ್ತು. ಪಕ್ಕದಲ್ಲಿ ಹೂವು ಮಾರುತ್ತಿದ್ದ ಅಜ್ಜಿ ಎಬ್ಬಿಸಿ, "ನೋಡ್ಕೊಂಡು ಹೋಗಪ್ಪ, ಮೊದಲ ಮಳೆ ಇದು, ರೋಡಿಗೆ ಎಣ್ಣೆ ಬಿಟ್ಟಂಗಿರ್ತದೆ" ಅಂದರು. ಅವರ ಮಾತು ಅಕ್ಷರಶಃ ನಿಜ. ತಿಂಗಳುಗಟ್ಟಲೆ ರಸ್ತೆಗೆ ಅಂಟಿಕೊಂಡ ಎಣ್ಣೆ, ಧೂಳು ಎಲ್ಲಾ ಮೊದಲ ಹನಿಗಳಿಗೆ ಮೇಲೆದ್ದು ಪೇಸ್ಟಿನ ಹಾಗಾಗುತ್ತದೆ. ಜೋರಾಗಿ ಸುರಿದು ತೊಳೆದುಕೊಂಡು ಹೋದ ಮೇಲೆ ರಸ್ತೆ ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತದೆ. ಆದ್ದರಿಂದ ಬೇಸಿಗೆ ಮಳೆಯ ಮೊದಲ ಕಾಲು ಗಂಟೆ ಎಲ್ಲಾದರೂ ನಿಂತು ಟೀ ಕುಡಿಯಿರಿ. ಜೀಬ್ರಾ ಕ್ರಾಸಿಂಗಿನ ಬಿಳಿ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕೆಲಸ ನಡೆಯುವಲ್ಲಿ ಹಾಸಿರುವ ಕಬ್ಬಿಣದ ಹಲಗೆ, ಕಟ್ಟಡ ಕಟ್ಟುವ ಕಡೆಯಿಂದ ಹರಿದು ಬಂದ ಕೆಂಪು ಮಣ್ಣು, ಇವುಗಳ ಮೇಲೆ ನೆಟ್ಟಗೆ ಹೋಗಿ, ವಾಲಬೇಡಿ, ಬ್ರೇಕ್ ಒತ್ತಬೇಡಿ.

ಇನ್ನೊಂದು ವಿಷಯ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮಳೆ ಜೋರಾದ ಕೂಡಲೇ ಬೈಕಿನವರೆಲ್ಲ ಫ್ಲೈಓವರ್ ಕೆಳಗೆ ನಿಂತುಬಿಡುತ್ತಾರೆ. ಎಡಗಡೆ ಪೂರ್ತಿ ಮುಚ್ಚಿಹೋಗಿ ನೀವು ಬಸ್ಸು ಲಾರಿಗಳ ಮಧ್ಯೆ ಬರಬೇಕಾಗುತ್ತದೆ, ಅವರ ಗಾಜಿನ ಮೇಲೂ ನೀರು, ಕನ್ನಡಿಯ ಮೇಲೂ ನೀರು. ಫ್ಲೈಓವರ್ ಸಿಗುವ ಮುಂಚೆಯೇ ಹಿಂದೆ ನೋಡಿ, ಕೈ ತೋರಿಸಿ, ನಿಧಾನವಾಗಿ ಬಲಕ್ಕೆ ಬನ್ನಿ. ಹಿಂದೆ ಕೆಂಪು ಲೈಟ್ ಹಗಲಲ್ಲೂ ಉರಿಯುತ್ತಿರಲಿ. ಹಳೇ ಡೈನಮೋ ನಂಬಬೇಡಿ, ಒದ್ದೆ ಟೈರಿನ ಮೇಲೆ ಅದು ಜಾರಿ ಬೆಳಕೇ ಬರುವುದಿಲ್ಲ.

ನೀರು ನಿಂತ ಕಡೆ ಮಾತ್ರ ಧೈರ್ಯ ಬೇಡ. ನೆಲ ಕಾಣದಿದ್ದರೆ ಇಳಿದು ಬೇರೆ ದಾರಿ ಹಿಡಿಯಿರಿ. ಕೆಳಗೆ ತೆರೆದ ಮೋರಿ ಇರಬಹುದು, ಪಕ್ಕದ ಕಂಬದಿಂದ ಕರೆಂಟ್ ಬರುತ್ತಿರಬಹುದು. ತಂತಿ ಬಿದ್ದಿದ್ದು ಕಂಡರೆ ದೂರ ನಿಂತು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ನೀರು ತುಂಬಿ ಕಾರಿನಲ್ಲಿದ್ದ ಯುವತಿ ತೀರಿಕೊಂಡಿದ್ದು ನೆನಪಿದೆ ಅಲ್ವಾ? ನೀರು ತುಂಬೋಕೆ ಹೆಚ್ಚು ಹೊತ್ತು ಬೇಡ. ಮಳೆ ಸುರಿಯುವಾಗ ಅಂಡರ್‌ಪಾಸಿಗೆ ಇಳಿಯಲೇಬೇಡಿ. ಗುಡುಗು ಸಿಡಿಲಿದ್ದರೂ ಅಷ್ಟೇ. ಮಿಂಚಿ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ, ಯಾವುದಾದರೂ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಾಗಿ ಅರ್ಧ ಗಂಟೆ ಕಾಯಿರಿ. ರಬ್ಬರ್ ಟೈರ್ ಕಾಪಾಡುತ್ತದೆ ಅನ್ನುವುದು ಸುಳ್ಳು. ಮರದ ಕೆಳಗಂತೂ ನಿಲ್ಲಲೇಬೇಡಿ, ನಮ್ಮೂರಲ್ಲಿ ಸಿಡಿಲಿಲ್ಲದೆಯೂ ಕೊಂಬೆ ಮುರಿದು ಬೀಳುತ್ತವೆ.

ಆಫೀಸಿನಲ್ಲಿ ಒಂದು ಜೊತೆ ಬಟ್ಟೆ, ಟವೆಲ್, ಚಪ್ಪಲಿ ಇಟ್ಟುಬಿಡಿ. ಜೀನ್ಸ್ ಹಾಕಿಕೊಂಡು ಮಳೆಯಲ್ಲಿ ತುಳಿಯಬೇಡಿ, ಭಾರವಾಗುತ್ತದೆ, ಉಜ್ಜಿ ತೊಡೆ ಕೆಂಪಗಾಗುತ್ತದೆ. ಶೂ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿದರೆ ಸಂಜೆಗೆ ಬಹುಪಾಲು ಒಣಗಿರುತ್ತದೆ. ಕಾಲಿನ ಮೇಲೆ ಗಾಯವಿದ್ದು ನಿಂತ ನೀರು ತಾಗಿದ್ದರೆ ಸೋಪು ಹಾಕಿ ತೊಳೆಯಿರಿ, ಇಲಿ ಜ್ವರ ಬರುವ ದಾರಿಗಳಲ್ಲಿ ಅದೂ ಒಂದು. ಮನೆಗೆ ಬಂದ ಮೇಲೆ ಚೈನ್ ಒರೆಸಿ ಒಂದೊಂದು ಕೊಂಡಿಗೂ ಎಣ್ಣೆ ಬಿಡಿ, ಆದರೆ ರಿಮ್ಮಿಗೋ ಡಿಸ್ಕಿಗೋ ಒಂದು ಹನಿಯೂ ತಾಗಬಾರದು. ಬ್ರೇಕ್ ರಬ್ಬರಿನಲ್ಲಿ ಸಿಕ್ಕಿಕೊಂಡ ಮರಳನ್ನು ವಾರಕ್ಕೊಮ್ಮೆ ಪಿನ್ನಿನಿಂದ ಕೆದಕಿ ತೆಗೆಯಿರಿ, ಇಲ್ಲದಿದ್ದರೆ ಅದು ರಿಮ್ಮನ್ನೇ ತಿನ್ನುತ್ತದೆ.

ಈಗ ನೀವು ಕೇಳಿದ ರೇನ್‌ಕೋಟ್. ಬೈಕಿನವರ ದಪ್ಪ ರೇನ್‌ಕೋಟ್ ನಮಗಲ್ಲ, ಅದರಿಂದ ಬೆವರು ಹೊರಗೆ ಹೋಗುವುದಿಲ್ಲ. ಗಾಳಿಯಾಡುತ್ತದೆ ಅಂತ ಮಾರುವ ದುಬಾರಿ ಬಟ್ಟೆಯೂ ಮಳೆಗಾಲದ ಹವೆಯಲ್ಲಿ ಹೇಳಿದಷ್ಟು ಕೆಲಸ ಮಾಡುವುದಿಲ್ಲ, ಹೊರಗಿನ ಗಾಳಿಯಲ್ಲೇ ಅಷ್ಟೊಂದು ತೇವ ಇರುವಾಗ ಒಳಗಿನ ಆವಿ ಎಲ್ಲಿಗೆ ಹೋಗಬೇಕು? ತೆಳುವಾದ ಹಳದಿ ಅಥವಾ ಕಿತ್ತಳೆ ಬಣ್ಣದ ಜಾಕೆಟ್, ಮುಂದೆ ಜಿಪ್, ಕಂಕುಳಲ್ಲಿ ಗಾಳಿ ಹೋಗುವ ತೂತು, ಇಷ್ಟು ಸಾಕು. ಜಾಕೆಟ್ಟಿಗೇ ಹೊಲಿದಿರುವ ಟೋಪಿ ಬೇಡ, ತಲೆ ತಿರುಗಿಸಿದರೆ ಅದು ತಿರುಗದೆ ಒಂದು ಕಣ್ಣು ಮುಚ್ಚಿಹೋಗುತ್ತದೆ. ಹೆಲ್ಮೆಟ್ ಒಳಗೆ ಮುಂದೆ ಅಂಚಿರುವ ತೆಳು ಕ್ಯಾಪ್ ಹಾಕಿಕೊಳ್ಳಿ, ಕನ್ನಡಕದವರಿಗಂತೂ ಅದೇ ದೊಡ್ಡ ಉಪಕಾರ. ಅಂಗಡಿಯಲ್ಲಿ ಜಾಕೆಟ್ ಹಾಕಿಕೊಂಡು ಹ್ಯಾಂಡಲ್ ಹಿಡಿದವರ ಹಾಗೆ ಎರಡೂ ಕೈ ಮುಂದೆ ಚಾಚಿ ಬಗ್ಗಿ ನೋಡಿ. ಸೊಂಟದ ಹಿಂದೆ ಬಟ್ಟೆ ಮೇಲೇರಿದರೆ ಅದನ್ನು ವಾಪಸ್ ಕೊಟ್ಟು, ಹಿಂದೆ ಇನ್ನೊಂದು ಗೇಣು ಉದ್ದ ಇರುವುದನ್ನು ಕೇಳಿ.